ಕೈಗೆ ಬಂದದ್ದು ಪರದೆಗೆ ಬರಲಿಲ್ಲ: ಪುಣೆಯ ಒಬ್ಬ ಜಿಎನ್‌ಎಂ ಸಿಸ್ಟರ್ ನಾರ್ಸೆಟ್‌ಗೆ ಓದಿದ ಪ್ರಕರಣ

ಈ ಪ್ರಕರಣದ ಸಿಸ್ಟರ್ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನವಳು. ಹತ್ತನೇ ಇಯತ್ತೆವರೆಗೆ ಕನ್ನಡ ಶಾಲೆ, ಪಿಯುಸಿ ಮುಗಿಸಿ ವಿಜಯಪುರದಲ್ಲಿ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ. ಕೆಲಸ ಹುಡುಕಿಕೊಂಡು ಸೊಲ್ಲಾಪುರ ದಾಟಿ ಪುಣೆಗೆ ಬಂದಳು. ಮೊದಲು ಇಪ್ಪತ್ತು ಹಾಸಿಗೆಯ ಒಂದು ಹೆರಿಗೆ ಆಸ್ಪತ್ರೆ, ಅಲ್ಲಿಂದ ದೊಡ್ಡದೊಂದು ಖಾಸಗಿ ಆಸ್ಪತ್ರೆಯ ಐಸಿಯು. ಹಡಪ್ಸರದಲ್ಲಿ ಇಬ್ಬರು ಸಿಸ್ಟರ್ ಗೆಳತಿಯರ ಜೊತೆ ಒಂದು ಕೋಣೆ ಹಿಡಿದಿದ್ದಳು. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸ್ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆ ಬರೆದು, 2025ರ ಏಪ್ರಿಲ್ 12ರ ಮೊದಲ ಹಂತ ಪ್ರಿಲಿಮ್ಸ್ ದಾಟಿದಳು. ಮೇ 2ರ ಎರಡನೇ ಹಂತ ಮೇನ್ಸ್‌ನಲ್ಲಿ ಬಹಳ ಹಿಂದೆ ಬಿದ್ದಳು. ಆಮೇಲೆ ನನ್ನ ಹತ್ತಿರ ಬಂದಳು.

ನಾನು ಇದೇ ಊರಿನಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿ ದುಡಿದವಳು. ಈಗ ಇಲ್ಲಿರುವ ಕನ್ನಡದ ಸಿಸ್ಟರುಗಳಿಗೆ ಈ ಪರೀಕ್ಷೆಗೆ ಓದಲು ನೆರವಾಗುತ್ತೇನೆ. ಅವಳ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಪ್ರಿಲಿಮ್ಸ್ ದಾಟಿ ಮೇನ್ಸ್‌ನಲ್ಲಿ ನಿಂತುಹೋಗುವ ಹುಡುಗಿಯರನ್ನು ನೋಡುತ್ತಲೇ ಇದ್ದೇನೆ. ಅವರಲ್ಲಿ ಬಹಳ ಮಂದಿ ದಡ್ಡರಲ್ಲ, ಸೋಮಾರಿಗಳಂತೂ ಅಲ್ಲವೇ ಅಲ್ಲ. ರಾತ್ರಿಯಿಡೀ ರೋಗಿಯ ಉಸಿರು ಕಾಯುವವರು, ರೋಗಿಯ ಬಗ್ಗೆಯೇ ಕೇಳಿದ ಪ್ರಶ್ನೆಯಲ್ಲಿ ಸೋಲುವುದು ನನಗೆ ಸಂಕಟದ ವಿಷಯ.

ಮೊದಲ ದಿನ ಅವಳು ಹೇಳಿದ್ದು ಇಷ್ಟು: "ಅಕ್ಕಾರ, ನನಗ ಬರೂದಿಲ್ಲ ಅಂತಲ್ರೀ. ಮನಿಗಿ ಬಂದು ವಿಚಾರ ಮಾಡಿದ್ರ ಎಲ್ಲಾ ಗೊತ್ತಿದ್ದದ್ದೇ ಅದ. ಅಲ್ಲಿ ಕುಂತಾಗ ಯಾಕ ತಪ್ತದ ಅನ್ನೂದೇ ತಿಳೀವಲ್ದು."

ಎರಡು ಹಂತ, ಎರಡು ಬಗೆಯ ಓದು

ನಾರ್ಸೆಟ್ ಎಂದರೆ ದೆಹಲಿಯ ಏಮ್ಸ್ ನಡೆಸುವ ನರ್ಸಿಂಗ್ ಆಫೀಸರ್ ನೇಮಕಾತಿಯ ಸಾಮಾನ್ಯ ಪರೀಕ್ಷೆ. 2020ರಲ್ಲಿ ಶುರುವಾದಾಗ ಒಂದೇ ಪರೀಕ್ಷೆ ಇತ್ತು. 2023ರಿಂದ ಪ್ರಿಲಿಮ್ಸ್ ಮತ್ತು ಮೇನ್ಸ್ ಎಂದು ಎರಡಾಯಿತು. ಹುದ್ದೆ ಏಳನೇ ವೇತನ ಆಯೋಗದ ಲೆವೆಲ್ 7ರದು, ಮೂಲ ವೇತನ 44,900 ರೂಪಾಯಿಯಿಂದ ಶುರು. ಖಾಸಗಿ ಆಸ್ಪತ್ರೆಯಲ್ಲಿ ಹನ್ನೆರಡು ತಾಸಿನ ಡ್ಯೂಟಿ ಮಾಡುವ ಜಿಎನ್‌ಎಂ ಸಿಸ್ಟರಿಗೆ ಈ ಅಂಕಿ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಪ್ರಿಲಿಮ್ಸ್‌ನಲ್ಲಿ 100 ಪ್ರಶ್ನೆ, 90 ನಿಮಿಷ. ಅದರಲ್ಲಿ 20 ಪ್ರಶ್ನೆ ಸಾಮಾನ್ಯ ಜ್ಞಾನ ಮತ್ತು ಆಪ್ಟಿಟ್ಯೂಡ್, 80 ನರ್ಸಿಂಗ್. ಇತ್ತೀಚಿನ ಸುತ್ತುಗಳಲ್ಲಿ ಇಪ್ಪತ್ತಿಪ್ಪತ್ತು ಪ್ರಶ್ನೆಗಳ ಐದು ಭಾಗ, ಒಂದೊಂದಕ್ಕೆ 18 ನಿಮಿಷ. ಸಮಯ ಮುಗಿದರೆ ಆ ಭಾಗ ಮುಚ್ಚಿಕೊಳ್ಳುತ್ತದೆ, ಹಿಂದಕ್ಕೆ ಹೋಗುವ ಹಾಗಿಲ್ಲ. ಅಂದರೆ ಪ್ರಶ್ನೆಗೆ 54 ಸೆಕೆಂಡು. ಇದು ಜರಡಿ ಮಾತ್ರ: ಖಾಲಿ ಹುದ್ದೆಯ ಐದು ಪಟ್ಟು ಮಂದಿಯನ್ನು ವರ್ಗವಾರು ಮುಂದಕ್ಕೆ ಬಿಡುತ್ತಾರೆ, ಇಲ್ಲಿಯ ಅಂಕ ಅಲ್ಲಿಗೆ ಮುಗಿಯಿತು. ರ‍್ಯಾಂಕ್ ಬರುವುದು ಮೇನ್ಸ್‌ನಿಂದ. ಅಲ್ಲಿ 160 ಪ್ರಶ್ನೆ, 180 ನಿಮಿಷ, ಹೆಚ್ಚಿನವು ರೋಗಿಯ ಸನ್ನಿವೇಶ ಕೊಟ್ಟು ಕೇಳುವಂಥವು. ಪ್ರಶ್ನೆಗೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ, ಆದರೆ ಪ್ರಶ್ನೆಯೇ ನಾಲ್ಕೈದು ಸಾಲು ಇರುತ್ತದೆ. ಎರಡೂ ಕಡೆ ಒಂದು ತಪ್ಪಿಗೆ ಮೂರನೇ ಒಂದು ಅಂಕ ಕಳೆಯುತ್ತಾರೆ.

ಎರಡರ ನಡುವೆ ಸಿಗುವ ಕಾಲವಾದರೂ ಎಷ್ಟು? ಏಪ್ರಿಲ್ ಸುತ್ತಿನಲ್ಲಿ ಇಪ್ಪತ್ತು ದಿನ. ಅದೇ ವರ್ಷದ ಸೆಪ್ಟೆಂಬರ್ ಸುತ್ತಿನಲ್ಲಿ ಪ್ರಿಲಿಮ್ಸ್ 14ಕ್ಕೆ, ಮೇನ್ಸ್ 27ಕ್ಕೆ. ಎರಡು ವಾರವೂ ಇಲ್ಲ. "ಪ್ರಿಲಿಮ್ಸ್ ಆಗಲಿ, ಆಮೇಲೆ ಮೇನ್ಸ್ ನೋಡೋಣ" ಎನ್ನುವವರಿಗೆ ಈ ದಿನಾಂಕಗಳನ್ನು ತೋರಿಸುತ್ತೇನೆ. ಮೇನ್ಸ್‌ಗೆ ಓದಿದವಳಿಗೆ ಪ್ರಿಲಿಮ್ಸ್ ದಾರಿಯಲ್ಲಿ ಸಿಗುವ ಊರು. ಪ್ರಿಲಿಮ್ಸ್‌ಗಷ್ಟೇ ಓದಿದವಳಿಗೆ ಮೇನ್ಸ್ ಬೇರೆಯದೇ ಪರೀಕ್ಷೆ.

ಅವಳು ಓದಿದ್ದು ಪ್ರಿಲಿಮ್ಸ್ ಥರದ ಓದು. ಮೊಬೈಲಿನಲ್ಲಿ ಒಂದು ಸಾಲಿನ ಪ್ರಶ್ನೆ, ಒಂದು ಪದದ ಉತ್ತರ: ಹೆಪಾರಿನ್‌ಗೆ ಪ್ರತಿವಿಷ ಪ್ರೊಟಮಿನ್ ಸಲ್ಫೇಟ್, ವಾರ್ಫರಿನ್‌ಗೆ ವಿಟಮಿನ್ ಕೆ, ಮ್ಯಾಗ್ನೀಸಿಯಂ ಸಲ್ಫೇಟ್‌ಗೆ ಕ್ಯಾಲ್ಸಿಯಂ ಗ್ಲುಕೋನೇಟ್. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಇಂಥ ಸಾವಿರಾರು ಸಾಲು ಬಾಯಿಪಾಠ ಮಾಡಿದ್ದಳು. ಇದು ವ್ಯರ್ಥ ಅಲ್ಲ, ಪ್ರಿಲಿಮ್ಸ್ ದಾಟಿಸಿದ್ದೇ ಇದು. ಮೇನ್ಸ್ ಕೇಳುವುದು ಮಾತ್ರ ಬೇರೆ: ಫಿಟ್ಸ್ ತಡೆಯಲು ಮ್ಯಾಗ್ನೀಸಿಯಂ ಕೊಡುತ್ತಿರುವ ತಾಯಿ ತೂಕಡಿಸುತ್ತಿದ್ದಾಳೆ, ಉಸಿರು ನಿಮಿಷಕ್ಕೆ 10, ಮಂಡಿ ತಟ್ಟಿದರೆ ಕಾಲು ಮಿಡಿಯುವ ಪ್ರತಿವರ್ತನ ಇಲ್ಲ. ನೀನು ಮೊದಲು ಏನು ಮಾಡುತ್ತೀ?

"ಡಾಕ್ಟರಿಗೆ ಹೇಳ್ತೀನಿ"

ಸನ್ನಿವೇಶದ ಪ್ರಶ್ನೆಗಳ ಒಂದು ಗೊಂಚಲು ಕೊಟ್ಟು, ಉತ್ತರದ ಮುಂದೆ "ಇದನ್ನೇ ಯಾಕೆ ಆರಿಸಿದೆ" ಎಂದು ಒಂದು ಸಾಲು ಬರೆಯಲು ಹೇಳಿದೆ. ಅಂಕ ಹಾಕುವುದಕ್ಕಿಂತ ಆ ಸಾಲುಗಳನ್ನು ಓದುವುದು ನನಗೆ ಮುಖ್ಯವಾಗಿತ್ತು. ತಪ್ಪುಗಳು ಚದುರಿ ಬಿದ್ದಿರಲಿಲ್ಲ. ಹೆಚ್ಚಿನವು ಒಂದೇ ಕಡೆ ಸೇರುತ್ತಿದ್ದವು: ನಾಲ್ಕು ಆಯ್ಕೆಗಳಲ್ಲಿ "ವೈದ್ಯರಿಗೆ ತಿಳಿಸುವುದು" ಎಂದಿದ್ದರೆ ಅವಳ ಬೆರಳು ಅಲ್ಲಿಗೇ ಹೋಗುತ್ತಿತ್ತು.

ರಕ್ತ ಕೊಡಲು ಶುರು ಮಾಡಿ ಹತ್ತು ನಿಮಿಷ. ರೋಗಿಗೆ ಚಳಿ, ಸೊಂಟದ ಪಕ್ಕ ನೋವು. ಅವಳ ಉತ್ತರ: ವೈದ್ಯರಿಗೆ ತಿಳಿಸುವುದು. ಹೊಟ್ಟೆಯ ಆಪರೇಶನ್ ಆದವನು ಕೆಮ್ಮಿದಾಗ ಹೊಲಿಗೆ ಬಿಚ್ಚಿ ಕರುಳು ಹೊರಗೆ ಬಂತು. ವೈದ್ಯರಿಗೆ ತಿಳಿಸುವುದು. ಎದೆಗೆ ಹಾಕಿದ ನಳಿಕೆ ಬಾಟಲಿಯಿಂದ ಕಳಚಿತು. ಮತ್ತೆ ಅದೇ.

ರಕ್ತದ ಪ್ರಶ್ನೆಯನ್ನು ಹಿಡಿದು ನಾನು ಬೇರೆ ಥರ ಕೇಳಿದೆ. "ನಿನ್ನ ಐಸಿಯುನಾಗ ಹಿಂಗ ಆಗಿತ್ತೇನು?"

"ಆಗಿತ್ರಿ ಅಕ್ಕಾರ."

"ಆವತ್ತು ನೀ ಏನ್ ಮಾಡ್ದಿ? ಕೈಲೆ ಮಾಡಿ ತೋರಿಸು."

ಎದ್ದು ನಿಂತಳು. ಇಲ್ಲದ ಸ್ಟ್ಯಾಂಡಿನ ಕಡೆ ಬಲಗೈ ಹೋಯಿತು, ಹೆಬ್ಬೆರಳಿನಿಂದ ರೋಲರ್ ಕ್ಲ್ಯಾಂಪ್ ಒತ್ತಿ ರಕ್ತ ನಿಲ್ಲಿಸಿದಳು. ಸೆಟ್ ಬದಲಿಸಿ ನಾರ್ಮಲ್ ಸಲೈನ್ ಹಚ್ಚಿದಳು. ರೋಗಿಯ ಕಡೆ ತಿರುಗಿ ನಾಡಿ ಹಿಡಿದಳು. ಆಮೇಲೆ ಫೋನ್. ಆಮೇಲೆ ಬ್ಯಾಗು, ಸೆಟ್ಟು ಬ್ಲಡ್ ಬ್ಯಾಂಕಿಗೆ ವಾಪಸ್. ಪುಸ್ತಕದಲ್ಲಿರುವ ಕ್ರಮ ಒಂದು ಹೆಜ್ಜೆಯೂ ತಪ್ಪದೆ ಅಲ್ಲಿತ್ತು. ಅವಳಿಗೇ ಗೊತ್ತಿರಲಿಲ್ಲ.

ಪ್ರಕರಣದ ತಿರುಳು ನನ್ನ ಮಟ್ಟಿಗೆ ಇಲ್ಲೇ ಇದೆ. ಕೈಗೆ ಗೊತ್ತಿದ್ದ ಕ್ರಮ ಪರದೆಯ ಮುಂದೆ ಬಾಯಿಗೆ ಬರುತ್ತಿರಲಿಲ್ಲ, ಯಾಕೆಂದರೆ ಕೆಲಸಕ್ಕೆ ಸೇರಿದ ದಿನದಿಂದ ಅವಳಿಗೆ ಬಾಯಿಪಾಠ ಮಾಡಿಸಿದ್ದು ಒಂದೇ ಮಾತು: ಡಾಕ್ಟರಿಗೆ ಹೇಳು, ನೀನಾಗಿ ಏನೂ ಮಾಡಬೇಡ. ಬಹಳಷ್ಟು ಖಾಸಗಿ ಆಸ್ಪತ್ರೆಗಳಲ್ಲಿ ಸಿಸ್ಟರ್ ತಾನಾಗಿ ಮಾಡುವ ಕೆಲಸಕ್ಕೆ ಬೆಲೆ ಕೊಡುವವರಿಲ್ಲ. ನೋಟ್ಸ್ ಬರೆಯುವಾಗಲೂ "ಡಾಕ್ಟರಿಗೆ ತಿಳಿಸಲಾಯಿತು" ಎಂದೇ ಮೊದಲು ಬರೆಯುತ್ತಾರೆ, ಕ್ಲ್ಯಾಂಪ್ ಒತ್ತಿದ್ದು ಎಲ್ಲೂ ದಾಖಲಾಗುವುದಿಲ್ಲ. ಹೀಗೆ ವರ್ಷಗಟ್ಟಲೆ ಬರೆದವಳಿಗೆ ತನ್ನ ಕೈಯ ಜಾಣತನ ಕಾಣದೆ ಹೋಗುತ್ತದೆ. ಪರೀಕ್ಷೆ ಕೇಳುವುದೋ ಆ ಜಾಣತನವನ್ನೇ.

ಉಳಿದ ಎರಡಕ್ಕೂ ಉತ್ತರ ಅದೇ ದಾರಿಯದು. ಕರುಳು ಹೊರಬಂದರೆ ಸ್ಟೆರೈಲ್ ಸಲೈನಿನಲ್ಲಿ ನೆನೆಸಿದ ಬಟ್ಟೆ ಮುಚ್ಚಬೇಕು, ತಲೆ ಸ್ವಲ್ಪ ಎತ್ತಿ ಮಂಡಿ ಮಡಿಸಿ ಮಲಗಿಸಬೇಕು, ರೋಗಿಯನ್ನು ಬಿಟ್ಟು ಕದಲಬಾರದು, ಕರೆಯುವುದು ಬೇರೆಯವರಿಂದ. ನಳಿಕೆ ಕಳಚಿದರೆ ಅದರ ತುದಿಯನ್ನು ಸ್ಟೆರೈಲ್ ನೀರಿನಲ್ಲಿ ಅದ್ದಬೇಕು. ತೂಕಡಿಸುತ್ತಿದ್ದ ಆ ತಾಯಿಯ ಪ್ರಶ್ನೆಯಲ್ಲಿ ಮೊದಲು ಮ್ಯಾಗ್ನೀಸಿಯಂ ನಿಲ್ಲಿಸಬೇಕು.

ಹಾಗಾದರೆ "ವೈದ್ಯರಿಗೆ ತಿಳಿಸುವುದು" ಯಾವಾಗಲೂ ತಪ್ಪೇ? ಅಲ್ಲ, ಮತ್ತು ಇದನ್ನು ಸೂತ್ರ ಮಾಡಿಕೊಂಡವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಮಧುಮೇಹದ ಕೀಟೋಅಸಿಡೋಸಿಸ್ (ಸಕ್ಕರೆ ಏರಿ ರಕ್ತದಲ್ಲಿ ಆಮ್ಲ ಹೆಚ್ಚುವ ಸ್ಥಿತಿ) ಆದ ರೋಗಿ, ಪೊಟ್ಯಾಸಿಯಂ ಕಡಿಮೆ, 3.1, ಇನ್ಸುಲಿನ್ ಡ್ರಿಪ್‌ನ ಆರ್ಡರ್ ಕೈಯಲ್ಲಿದೆ. ಇನ್ಸುಲಿನ್ ಪೊಟ್ಯಾಸಿಯಮನ್ನು ಜೀವಕೋಶದ ಒಳಕ್ಕೆ ತಳ್ಳುತ್ತದೆ, ರಕ್ತದಲ್ಲಿ ಅದು ಇನ್ನೂ ಇಳಿದರೆ ಹೃದಯದ ಬಡಿತ ಕೆಡುತ್ತದೆ. ಇಲ್ಲಿ ಡ್ರಿಪ್ ತಡೆಹಿಡಿದು ವೈದ್ಯರಿಗೆ ಹೇಳುವುದೇ ಸರಿ, ಏಕೆಂದರೆ ಪೊಟ್ಯಾಸಿಯಂ ಕೊಡುವುದು ಆರ್ಡರ್ ಇಲ್ಲದೆ ಆಗದು. ನಾವು ಗೊತ್ತು ಮಾಡಿಕೊಂಡ ಪ್ರಶ್ನೆ ಇಷ್ಟೇ: ಈ ಕ್ಷಣ ರೋಗಿಯನ್ನು ಉಳಿಸುವ ಒಂದು ಕೆಲಸ ನನ್ನ ಕೈಯಲ್ಲಿ ಇದೆಯೇ? ಇದ್ದರೆ ಅದು ಮೊದಲು. ಇಲ್ಲದಿದ್ದರೆ ಫೋನ್ ಮೊದಲು. ಪ್ರಶ್ನೆಯಲ್ಲಿ ಕೊಟ್ಟ ಲಕ್ಷಣ ಅರೆಬರೆ ಇದ್ದರೆ ಮೊದಲು ಪರೀಕ್ಷಿಸಿ ನೋಡುವುದು, ಲಕ್ಷಣ ಸಾಕಷ್ಟು ಕೊಟ್ಟಿದ್ದರೆ ಮತ್ತೆ ಬಿಪಿ ನೋಡುತ್ತ ಕೂಡುವುದಲ್ಲ, ಕೆಲಸಕ್ಕೆ ಇಳಿಯುವುದು.

ಡ್ಯೂಟಿ ವಹಿ

ಒಂದು ಇನ್ನೂರು ಪುಟದ ವಹಿ ತರಿಸಿದೆ. ಪ್ರತಿ ಡ್ಯೂಟಿ ಮುಗಿದ ಮೇಲೆ ಒಂದೇ ಘಟನೆ, ಐದಾರು ಸಾಲು. ಏನು ಕಂಡೆ, ಕೈ ಮೊದಲು ಎಲ್ಲಿಗೆ ಹೋಯಿತು, ಎರಡನೆಯದಾಗಿ ಎಲ್ಲಿಗೆ, ಯಾಕೆ. ರೋಗಿಯ ಹೆಸರು, ಹಾಸಿಗೆ ನಂಬರ್ ಏನೂ ಬೇಡ. ಕನ್ನಡದಲ್ಲೇ ಬರೆ, ಔಷಧದ ಹೆಸರು ಇಂಗ್ಲಿಷಿನಲ್ಲಿರಲಿ ಎಂದೆ. ಅವಳಿಗೆ ಯೋಚನೆ ಹರಿಯುವುದು ಕನ್ನಡದಲ್ಲಿ, ಪ್ರಶ್ನೆ ಬರುವುದು ಇಂಗ್ಲಿಷಿನಲ್ಲಿ. ಯೋಚನೆ ಗಟ್ಟಿಯಾದರೆ ಭಾಷೆಯ ಅಡ್ಡಿ ಅರ್ಧ ಕಡಿಮೆಯಾಗುತ್ತದೆ ಎಂಬುದು ನಾನು ಕಂಡುಕೊಂಡದ್ದು. ಉಳಿದರ್ಧಕ್ಕೆ ದಿನಾ ಕೆಲವು ದೊಡ್ಡ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದೆ. ಕೊನೆಯ ಸಾಲು ಮೊದಲು ಓದು, ಅಲ್ಲಿ "ಮೊದಲು" ಎಂದಿದೆಯೋ, "ಹೊರತುಪಡಿಸಿ" ಎಂದಿದೆಯೋ ನೋಡಿಕೊಂಡು ಮೇಲಕ್ಕೆ ಬಾ ಎಂದು.

ವಾರಕ್ಕೊಮ್ಮೆ ಆ ವಹಿಯನ್ನು ಪುಸ್ತಕದ ಜೊತೆ ತಾಳೆ ನೋಡುತ್ತಿದ್ದೆವು. ಇದು ಬಿಡಬಾರದ ಹೆಜ್ಜೆ. ಏಕೆಂದರೆ ವಾರ್ಡಿನಲ್ಲಿ ಕಲಿತ ಕೈ ಕೆಲವು ಕಡೆ ತಪ್ಪನ್ನೂ ಕಲಿತಿರುತ್ತದೆ. ಮೂಗಿನ ನಳಿಕೆ ಹೊಟ್ಟೆಯಲ್ಲಿದೆಯೇ ಎಂದು ನೋಡಲು ಸಿರಿಂಜಿನಿಂದ ಗಾಳಿ ಬಿಟ್ಟು ಸ್ಟೆತ್ ಇಟ್ಟು ಕೇಳುವುದು ಬಹಳಷ್ಟು ವಾರ್ಡುಗಳಲ್ಲಿ ನಡೆಯುತ್ತದೆ. ಅದನ್ನು ನಂಬುವಂತಿಲ್ಲ, ಖಚಿತವಾದದ್ದು ಎಕ್ಸ್‌ರೇ, ಅದರ ನಂತರ ಹೊರತೆಗೆದ ದ್ರವದ ಪಿಎಚ್. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದು, ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ರೋಗಿ ಏದುಸಿರು ಬಿಟ್ಟ ಕೂಡಲೇ ಆಮ್ಲಜನಕವನ್ನು ಪೂರ್ತಿ ತಿರುಗಿಸುವುದು, ಇಂಥವು ಅವಳ ವಹಿಯಲ್ಲೂ ಸಿಕ್ಕವು. ಅವಕ್ಕೆ ಕೆಂಪು ಗೆರೆ ಹಾಕಿದೆವು. ಪರೀಕ್ಷೆಯ ಮಾತು ಬಿಡಿ, ಆ ಕೆಂಪು ಗೆರೆಗಳಿಂದ ಅವಳ ಐಸಿಯುನ ರೋಗಿಗಳಿಗೂ ಒಳ್ಳೆಯದಾಯಿತು.

ನನಗೆ ಬಹಳ ಸಂತೋಷ ಕೊಟ್ಟದ್ದು ಹೆರಿಗೆಯ ಭಾಗ. ಆ ಇಪ್ಪತ್ತು ಹಾಸಿಗೆಯ ಆಸ್ಪತ್ರೆಯ ಅನುಭವ ನಾರ್ಸೆಟ್ ಅರ್ಜಿಗೆ ಲೆಕ್ಕಕ್ಕಿಲ್ಲ. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ, ಓದು ಮುಗಿದ ನಂತರದ ಎರಡು ವರ್ಷದ ಅನುಭವ ಬೇಕು. ಅವಳು ಆ ಕಾಲವನ್ನು "ಹಾಳಾದ ವರ್ಷ" ಎಂದೇ ಕರೆಯುತ್ತಿದ್ದಳು. ಆದರೆ ಪ್ರಸೂತಿಯ ಪ್ರಶ್ನೆಗಳಿಗೆ ಕೂತಾಗ ಅಲ್ಲಿ ಕಲಿತದ್ದೆಲ್ಲ ಎದ್ದು ಬಂತು. ಹೆರಿಗೆಯಾದ ಮೇಲೆ ಗರ್ಭಕೋಶ ಮೆತ್ತಗೆ ಹತ್ತಿದರೆ ಮೊದಲು ತಿಕ್ಕಿ ಗಟ್ಟಿ ಮಾಡು. ಗಟ್ಟಿ ಇದ್ದು ಬಲಕ್ಕೆ ಸರಿದಿದ್ದರೆ ಮೂತ್ರ ತುಂಬಿದೆ, ಖಾಲಿ ಮಾಡಿಸು. ಹೊಕ್ಕುಳಬಳ್ಳಿ ಮೊದಲು ಜಾರಿದರೆ ಮಂಡಿಯೂರಿಸಿ ಎದೆ ಹಾಸಿಗೆಗೆ ತಾಗುವಂತೆ ಬಗ್ಗಿಸು, ಕೈಗವಸು ಹಾಕಿದ ಬೆರಳಿನಿಂದ ಮಗುವಿನ ತಲೆಯನ್ನು ಮೇಲೆ ತಳ್ಳಿ ಹಿಡಿ. ಮ್ಯಾಗ್ನೀಸಿಯಂನ ಮುಂದಿನ ಡೋಸಿಗೆ ಮೊದಲು ಮೂರು ನೋಡು: ಮಂಡಿಯ ಪ್ರತಿವರ್ತನ, ಉಸಿರು, ಮೂತ್ರ ಗಂಟೆಗೆ 30 ಮಿಲಿ ಆದರೂ ಇದೆಯೇ. ಇವನ್ನು ಅವಳು ಓದಿ ಹೇಳುತ್ತಿರಲಿಲ್ಲ, ಕಂಡವಳಂತೆ ಹೇಳುತ್ತಿದ್ದಳು. ಸರ್ಟಿಫಿಕೇಟು ಕೊಡದ ಆ ವರ್ಷ ಅಂಕ ಕೊಟ್ಟಿತು.

ನವಿ ಪೇಠಿನ ಕುರ್ಚಿ

ಪುಣೆಯಲ್ಲಿ ಸ್ಪರ್ಧಾ ಪರೀಕ್ಷೆ ಎಂದರೆ ಸದಾಶಿವ ಪೇಠ, ನಾರಾಯಣ ಪೇಠ, ನವಿ ಪೇಠ. ಅಲ್ಲಿಯ ಓಣಿ ಓಣಿಯಲ್ಲಿ ಅಭ್ಯಾಸಿಕಾಗಳು: ತಿಂಗಳ ಬಾಡಿಗೆಗೆ ಒಂದು ಕುರ್ಚಿ, ಒಂದು ಮೇಜು, ಒಂದು ದೀಪ. ಮಹಾರಾಷ್ಟ್ರ ಸರ್ಕಾರದ ಹುದ್ದೆಗಳ ಎಂಪಿಎಸ್‌ಸಿ ಪರೀಕ್ಷೆಗೆ ಓದುವ ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಅಲ್ಲೇ. ಇವಳೂ ಒಂದು ಕುರ್ಚಿ ಹಿಡಿದಿದ್ದಳು. ರಾತ್ರಿ ಡ್ಯೂಟಿ ಮುಗಿಸಿ, ಹಡಪ್ಸರದಿಂದ ಸ್ವಾರಗೇಟ್, ಅಲ್ಲಿಂದ ಮತ್ತೆ ಪೇಠ, ಕೂತಲ್ಲೇ ತೂಕಡಿಕೆ. ಪಕ್ಕದ ಹುಡುಗ ಹತ್ತು ತಾಸು ಓದುತ್ತಾನೆ, ತನಗೆ ಎರಡು ತಾಸೂ ಆಗುತ್ತಿಲ್ಲ ಎಂದು ಕಣ್ಣೀರು ಹಾಕುತ್ತಿದ್ದಳು.

ಆ ಕುರ್ಚಿ ಬಿಡಿಸಿದೆ. ಇದರಲ್ಲಿ ನನಗೆ ಸಂದೇಹವೇ ಇರಲಿಲ್ಲ. ಬೇರೆ ದುಡಿಮೆಯಿಲ್ಲದೆ ಓದುವವರ ವೇಳಾಪಟ್ಟಿಯನ್ನು ಹನ್ನೆರಡು ತಾಸು ನಿಂತು ದುಡಿಯುವವಳ ಮೇಲೆ ಹೇರುವುದು ಅನ್ಯಾಯ. ರಾತ್ರಿ ಡ್ಯೂಟಿಯ ದಿನ: ಬಂದು ಸ್ನಾನ, ಊಟ, ನಿದ್ದೆ, ಸಂಜೆ ನಾಲ್ಕರಿಂದ ಆರು ಓದು, ಅಷ್ಟೇ. ಹಗಲು ಡ್ಯೂಟಿಯ ದಿನ ವಹಿ ಬರೆಯುವುದು ಮಾತ್ರ. ರಜೆಯ ದಿನ ಬೆಳಿಗ್ಗೆ ಒಂದು ಪೂರ್ತಿ ಮಾಕ್ ಟೆಸ್ಟ್, ಭಾಗಕ್ಕೆ ಭಾಗ ಗಡಿಯಾರ ಹಚ್ಚಿ. ಡ್ಯೂಟಿಯ ಪಟ್ಟಿ ಬದಲಾದಾಗೆಲ್ಲ ಇದೂ ಬದಲಾಗುತ್ತಿತ್ತು. ಕೋಣೆಯ ಗೆಳತಿಯರು ಆ ಎರಡು ತಾಸು ಫೋನಿನಲ್ಲಿ ಮಾತಾಡಲು ಗ್ಯಾಲರಿಗೆ ಹೋಗುತ್ತಿದ್ದರು. ಅವರ ಋಣ ದೊಡ್ಡದು.

ಮಾಕ್ ಟೆಸ್ಟಿನಲ್ಲಿ ಕಂಡ ಇನ್ನೊಂದು ತೊಂದರೆ, ಅಂದಾಜಿನ ಉತ್ತರ. ಮೈನಸ್ ಅಂಕದ ಹೆದರಿಕೆಯಲ್ಲಿ ಅವಳು ತುಂಬ ಬಿಟ್ಟುಬರುತ್ತಿದ್ದಳು. ಲೆಕ್ಕ ಹಾಕಿ ತೋರಿಸಿದೆ. ನಾಲ್ಕರಲ್ಲಿ ಒಂದನ್ನು ಕಣ್ಣು ಮುಚ್ಚಿ ಒತ್ತಿದರೆ, ನಾಲ್ಕು ಸಲಕ್ಕೆ ಒಂದು ಸರಿ, ಮೂರು ತಪ್ಪು. ಒಂದು ಅಂಕ ಬಂದು ಒಂದು ಹೋಗುತ್ತದೆ, ಕೈಗೆ ಸೊನ್ನೆ. ಆದರೆ ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಿದ್ದರೆ, ಉಳಿದ ಮೂರರಲ್ಲಿ ಒತ್ತಿದಾಗ ಮೂರು ಸಲಕ್ಕೆ ಒಂದು ಅಂಕ ಬಂದು ಮೂರನೇ ಎರಡು ಹೋಗುತ್ತದೆ, ಮೂರನೇ ಒಂದು ಉಳಿಯುತ್ತದೆ. ಎರಡನ್ನು ತೆಗೆದುಹಾಕಿದರೆ ಲಾಭ ಇನ್ನೂ ಹೆಚ್ಚು. ಅಂದ ಮೇಲೆ ಒಂದಾದರೂ ತೆಗೆದುಹಾಕಲು ಆಗುವ ಪ್ರಶ್ನೆಯನ್ನು ಬಿಟ್ಟುಬರಬಾರದು, ಏನೇನೂ ಗೊತ್ತಿಲ್ಲದ್ದರ ಮೇಲೆ ಸಮಯ ಕಳೆಯಬಾರದು. ಇದಾದ ಮೇಲೆ ಅವಳ ಕೈ ಹಗುರಾಯಿತು.

ಹಾಗೆಯೇ ಪರ್ಸೆಂಟೈಲ್. 92 ಪರ್ಸೆಂಟೈಲ್ ಎಂದರೆ ನೂರಕ್ಕೆ 92 ಅಂಕ ಎಂದು ತಿಳಿದಿದ್ದಳು. ನೂರು ಮಂದಿಯಲ್ಲಿ 92 ಮಂದಿ ನಿನ್ನ ಸಮಕ್ಕೆ ಅಥವಾ ನಿನ್ನ ಹಿಂದೆ ಎಂದು ಅದರ ಅರ್ಥ. ಕನಿಷ್ಠ ಅರ್ಹತೆ ಸಾಮಾನ್ಯ ವರ್ಗಕ್ಕೆ 50, ಒಬಿಸಿಗೆ 45, ಎಸ್‌ಸಿ, ಎಸ್‌ಟಿಗೆ 40. ಆದರೆ ಅದು ಬಾಗಿಲು ಮಾತ್ರ, ಕುರ್ಚಿ ಸಿಗುವುದು ಬಹಳ ಮೇಲೆ.

ವೈನಿಯ ಪಾಠ

ಐಸಿಯುನಲ್ಲಿರುವ ಸಿಸ್ಟರಿಗೆ ಸಮುದಾಯ ಆರೋಗ್ಯ ಮರೆತೇ ಹೋಗಿರುತ್ತದೆ. ಅವಳಿಗೂ ಹಾಗೇ ಆಗಿತ್ತು, ಪುಸ್ತಕ ತೆರೆದರೆ ನಿದ್ದೆ ಬರುತ್ತಿತ್ತು. ಅವಳ ಅಣ್ಣನ ಹೆಂಡತಿ ಊರಲ್ಲಿ ಆಶಾ ಕಾರ್ಯಕರ್ತೆ ಎಂದು ಮಾತಿನ ನಡುವೆ ತಿಳಿಯಿತು. ಗುರುವಾರಕ್ಕೊಮ್ಮೆ ವೈನಿಗೆ ಫೋನ್ ಮಾಡು, ಲಸಿಕೆಯ ದಿನ ಏನೇನು ಆಯಿತು ಕೇಳು ಎಂದೆ.

ವೈನಿ ಕಲಿಸಿದ್ದು ಪುಸ್ತಕಕ್ಕಿಂತ ಚೆನ್ನಾಗಿ ನೆಟ್ಟಿತು. ಎಂಆರ್ (ದಡಾರ, ರುಬೆಲ್ಲಾ ಲಸಿಕೆ) ಮೊದಲ ಡೋಸು ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳಲ್ಲಿ. ದ್ರವ ಹಾಕಿ ಕಲಸಿದ ಎಂಆರ್ ಮತ್ತು ಬಿಸಿಜಿ (ಕ್ಷಯದ ಲಸಿಕೆ) ನಾಲ್ಕು ತಾಸು ದಾಟಿದರೆ ಚೆಲ್ಲಬೇಕು. ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ), ಟಿಡಿ (ಧನುರ್ವಾಯು, ಡಿಫ್ತೀರಿಯಾ ಲಸಿಕೆ) ಬಾಟಲಿಗಳನ್ನು ನಿಯಮ ಪಾಲಿಸಿ ಇಟ್ಟಿದ್ದರೆ ತೆರೆದ ಮೇಲೂ 28 ದಿನದವರೆಗೆ ಬಳಸಬಹುದು, ಆದರೆ ಇವು ಹೆಪ್ಪುಗಟ್ಟಿದರೆ ಕೆಟ್ಟವು. ಅದಕ್ಕೇ ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದವರೇ ಕ್ಯಾರಿಯರಿಗೆ ತುಂಬುವುದಿಲ್ಲ, ಬೆವರುವವರೆಗೆ ಹೊರಗಿಡುತ್ತಾರೆ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರಬೇಕು. "ಅಲ್ಲಿ ನಮ್ಮ ಎಎನ್‌ಎಂ ಬಾಯಿ ಕಿವಿ ಹತ್ರ ಹಿಡದು ಅಲ್ಲಾಡಸ್ತಾರಂತ ಅಕ್ಕಾರ" ಎಂದು ನಗುತ್ತ ಹೇಳಿದಳು. ಆ ಪ್ರಶ್ನೆ ಇನ್ನು ಅವಳಿಗೆ ತಪ್ಪುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಆದರೂ ಇಡೀ ತಯಾರಿಯಲ್ಲಿ ಈ ಭಾಗವೇ ಕೊನೆಯವರೆಗೂ ಬಡವಾಗಿ ಉಳಿಯಿತು. ಸಾಂಕ್ರಾಮಿಕ ರೋಗಶಾಸ್ತ್ರ, ಅಂಕಿಅಂಶದ ಸೂತ್ರಗಳಿಗೆ ವೈನಿಯೂ ಇಲ್ಲ, ವಾರ್ಡೂ ಇಲ್ಲ. ಓದಿಯೇ ಆಗಬೇಕಿತ್ತು, ಸಮಯ ಸಾಲಲಿಲ್ಲ.

ಆಪ್ಟಿಟ್ಯೂಡ್‌ನ 20 ಪ್ರಶ್ನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡ್ರಾಪ್ ಲೆಕ್ಕ ಮಾಡುವ ಸಿಸ್ಟರಿಗೆ ಶೇಕಡಾವಾರು, ಅನುಪಾತ ಕಷ್ಟವಲ್ಲ: 500 ಮಿಲಿ, ನಾಲ್ಕು ತಾಸು, ಮಿಲಿಗೆ 20 ಹನಿಯ ಸೆಟ್ ಎಂದರೆ ನಿಮಿಷಕ್ಕೆ 42 ಹನಿ ಎಂದು ಬಾಯಲ್ಲೇ ಹೇಳುವವಳು ಅವಳು.

ಕಾಗದಪತ್ರ

ಸೆಪ್ಟೆಂಬರ್ ಸುತ್ತಿನಲ್ಲಿ ಎರಡೂ ಹಂತ ದಾಟಿದಳು, ರ‍್ಯಾಂಕ್ ಬಂತು. ಆದರೆ ರ‍್ಯಾಂಕ್ ಬಂದ ಮೇಲೆ ಕಾಗದದಲ್ಲಿ ಬಿದ್ದವರನ್ನೂ ನಾನು ಬಲ್ಲೆ. ಆದ್ದರಿಂದ ಈ ಭಾಗವನ್ನು ಅರ್ಜಿ ಹಾಕುವ ಮೊದಲೇ, ಮಳೆಗಾಲದಲ್ಲೇ ಶುರು ಮಾಡಿಸಿದ್ದೆ.

ಮೊದಲನೆಯದು ಜಾತಿ ಪ್ರಮಾಣಪತ್ರ. ಅವಳ ಹತ್ತಿರ ಇದ್ದದ್ದು 2ಎ ಎಂದು ಬರೆದ ರಾಜ್ಯದ ಪತ್ರ. ಕರ್ನಾಟಕದ 2ಎ, 3ಎ, 3ಬಿ ಎಂಬ ಗುಂಪುಗಳು ಕೇಂದ್ರದ ನೇಮಕಾತಿಯಲ್ಲಿ ನಡೆಯುವುದಿಲ್ಲ. ಅಲ್ಲಿ ನೋಡುವುದು ಕರ್ನಾಟಕಕ್ಕೆ ಕೇಂದ್ರ ಸರ್ಕಾರ ಇಟ್ಟಿರುವ ಒಬಿಸಿ ಪಟ್ಟಿ. ರಾಜ್ಯದಲ್ಲಿ ಮೀಸಲಾತಿ ಇರುವ ಕೆಲವು ಸಮುದಾಯಗಳು ಅದರಲ್ಲಿ ಇಲ್ಲ. ಅವಳ ಸಮುದಾಯ ಇತ್ತು. ಅಪ್ಪ ನಾಡಕಚೇರಿಗೆ ಓಡಾಡಿ, ಕೆನೆಪದರಕ್ಕೆ ಸೇರಿಲ್ಲ ಎಂಬ ಒಬಿಸಿ ಪತ್ರವನ್ನು ಕೇಂದ್ರದ ನಮೂನೆಯಲ್ಲಿ, ಅಧಿಸೂಚನೆ ಕೇಳಿದ ದಿನಾಂಕಗಳ ಒಳಗೆ ಮಾಡಿಸಿ ಕಳಿಸಿದರು. ವರ್ಷಗಳಿಂದ ಪುಣೆ, ಮುಂಬೈಯಲ್ಲೇ ಇರುವ ಕುಟುಂಬಗಳಿಗೆ ಇದು ಇನ್ನೂ ಕಗ್ಗಂಟು. ಅಪ್ಪನ ಮೂಲ ಊರಿನ ದಾಖಲೆಯಿಂದ ಶುರು ಮಾಡಿ, ಪರೀಕ್ಷೆ ಬರುವವರೆಗೆ ಕಾಯಬೇಡಿ.

ಎರಡನೆಯದು ಅನುಭವ ಪತ್ರ. ಆಸ್ಪತ್ರೆ ಕೊಟ್ಟ ಮೊದಲ ಪತ್ರದಲ್ಲಿ "ಶಿಸ್ತಿನ ಉದ್ಯೋಗಿ" ಎಂದು ಹೊಗಳಿದ್ದರು, ಹಾಸಿಗೆಗಳ ಸಂಖ್ಯೆ ಇರಲಿಲ್ಲ. ಹೊಗಳಿಕೆ ಯಾರಿಗೂ ಬೇಡ. ಸೇರಿದ ದಿನ, ಹುದ್ದೆ, ಹಾಸಿಗೆ ಎಷ್ಟು, ಸಹಿ, ಮೊಹರು, ಇಷ್ಟು ಇರುವ ಪತ್ರವನ್ನು ಮತ್ತೆ ಬರೆಸಿಕೊಳ್ಳಬೇಕಾಯಿತು. ಅದಕ್ಕೆ ವಾರಗಟ್ಟಲೆ ಹಿಡಿಯಿತು.

ಮೂರನೆಯದು ನನ್ನನ್ನು ಸಿಟ್ಟಿಗೆಬ್ಬಿಸಿದ್ದು. ಅವಳ ಮೂಲ ಅಂಕಪಟ್ಟಿ, ನೋಂದಣಿ ಪತ್ರ ಆಸ್ಪತ್ರೆಯ ಎಚ್‌ಆರ್ ಬೀರುವಿನಲ್ಲಿದ್ದವು, ಸೇರುವಾಗ ಇಟ್ಟುಕೊಂಡಿದ್ದರು. ಬಿಟ್ಟುಹೋಗದಿರಲಿ ಎಂದು ಹುಡುಗಿಯರ ಕಾಗದ ಹಿಡಿದಿಡುವ ಈ ಪದ್ಧತಿ ಅನೇಕ ಕಡೆ ನಡೆದಿದೆ, ಅದು ತಪ್ಪು. ದಾಖಲೆ ಪರಿಶೀಲನೆಗೆ ಮೂಲ ಪತ್ರವೇ ಬೇಕು. ಪತ್ರ ಬರೆದು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದು, ವಾರಕ್ಕೊಮ್ಮೆ ಹೋಗಿ ಕೇಳಿ, ಅವಳು ಬಿಡಿಸಿಕೊಂಡಳು. ಮೊದಲ ಸಲ ಎಚ್‌ಆರ್ ಮುಂದೆ ನಿಂತಾಗ ಕಾಲು ನಡುಗಿದವು ಎಂದಳು. ಕೊಡಬೇಡಿ, ನಕಲು ಮಾತ್ರ ಕೊಡಿ ಎಂದು ಹೊಸದಾಗಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬ ಹುಡುಗಿಗೂ ಹೇಳುತ್ತೇನೆ.

ಆಮೇಲೆ ಸಂಸ್ಥೆಗಳ ಆಯ್ಕೆಯ ಪಟ್ಟಿ. ಕರ್ನಾಟಕದಲ್ಲಿ ಏಮ್ಸ್ ಇಲ್ಲ. ರಾಯಚೂರಿನ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅದಾಗಿದ್ದರೆ ಇಂಡಿ ತಾಲ್ಲೂಕಿನ ಈ ಹುಡುಗಿಯ ಪಟ್ಟಿಯಲ್ಲಿ ಮೊದಲ ಹೆಸರು ಅದೇ ಆಗಿರುತ್ತಿತ್ತು. ಮಹಾರಾಷ್ಟ್ರದಲ್ಲಿ ನಾಗಪುರ, ತೆಲಂಗಾಣದಲ್ಲಿ ಬೀಬಿನಗರ, ಆಂಧ್ರದಲ್ಲಿ ಮಂಗಳಗಿರಿ. ಊರಿಗೆ ರೈಲು ಎಷ್ಟು ತಾಸು, ಅಪ್ಪ ಅವ್ವನಿಗೆ ಬಂದುಹೋಗಲು ಆಗುತ್ತದೆಯೇ ಎಂದು ನಕಾಶೆ ಹಾಸಿಕೊಂಡು ಕೂತು ಕ್ರಮ ಹಾಕಿದೆವು. ಮೇಲಿನ ಆಯ್ಕೆ ಸಿಗಲಿಲ್ಲ, ಕೆಳಗಿನದೊಂದು ಸಿಕ್ಕಿತು. ದೂರ ಹೆಚ್ಚು. ಅವ್ವ ಎರಡು ದಿನ ಮಾತಾಡಲಿಲ್ಲವಂತೆ, ಮೂರನೆಯ ದಿನ ರೊಟ್ಟಿ ಬಡಿದು ಗಂಟು ಕಟ್ಟಿಕೊಟ್ಟಳಂತೆ. ನೋಟಿಸ್ ಅವಧಿ ಮುಗಿಸಿ ಅವಳು ಸೇರಿಕೊಂಡಳು.

ಈಗ ಹಡಪ್ಸರದ ಅದೇ ಕೋಣೆಯ ಇನ್ನೊಬ್ಬ ಗೆಳತಿ ನನ್ನ ಹತ್ತಿರ ಬರುತ್ತಾಳೆ. ಅವಳದೂ ಜಿಎನ್‌ಎಂ, ಕೆಲಸ ಮಾಡುವುದು 40 ಹಾಸಿಗೆಯ ಆಸ್ಪತ್ರೆಯಲ್ಲಿ. ಅಲ್ಲಿ ಎಷ್ಟು ವರ್ಷ ದುಡಿದರೂ ನಾರ್ಸೆಟ್‌ಗೆ ಲೆಕ್ಕವಿಲ್ಲ. ಅವಳ ಮುಂದೆ ಎರಡು ದಾರಿ ಇಟ್ಟಿದ್ದೇನೆ: ದೊಡ್ಡ ಆಸ್ಪತ್ರೆಗೆ ಬದಲಾಯಿಸಿ ಎರಡು ವರ್ಷ ಅನುಭವ ಕೂಡಿಸುವುದು, ಇಲ್ಲವೇ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ (ಜಿಎನ್‌ಎಂ ನಂತರದ ನರ್ಸಿಂಗ್ ಪದವಿ) ಮಾಡಿ ಅನುಭವದ ಷರತ್ತಿನಿಂದಲೇ ಹೊರಬರುವುದು. ಸಂಬಳ ನಿಂತರೆ ಮನೆ ನಡೆಯುವುದಿಲ್ಲ, ಆದ್ದರಿಂದ ಮೊದಲನೆಯದನ್ನೇ ಆರಿಸಿಕೊಂಡಿದ್ದಾಳೆ. ವಯಸ್ಸು ಮೂವತ್ತು ಮೀರುವುದರೊಳಗೆ ಎಷ್ಟು ಸುತ್ತು ಸಿಗುತ್ತವೆ ಎಂದು ಲೆಕ್ಕ ಹಾಕಿದ್ದೇವೆ. ವಹಿಯನ್ನು ಈಗಲೇ ಶುರು ಮಾಡಿಸಿದ್ದೇನೆ.